ವಾಮನದಾದಾ ಕರ್ಡಕ: ಅಂಕಿತವೇ ಆಸ್ತಿಯಾದ ಕವಿಗಾಯಕ

ಪದ ಕಟ್ಟುವವನೂ ಹಾಡುವವನೂ ಒಬ್ಬನೇ ಆಗಿರುವುದು ಕನ್ನಡಿಗರಿಗೆ ಹೊಸತಲ್ಲ. ಹರಿದಾಸರೂ ತತ್ತ್ವಪದಕಾರರೂ ಊರೂರು ತಿರುಗಿ ಹಾಡಿದರು. ಪದದ ಕೊನೆಯ ಅಂಕಿತವೇ ಅವರ ಕರ್ತೃತ್ವಕ್ಕೆ ಸಾಕ್ಷಿಯಾಗಿ ನಿಂತಿತು. ಮುದ್ರಣ, ಧ್ವನಿಮುದ್ರಿಕೆ, ಚಲಚ್ಚಿತ್ರಗಳ ಕಾಲದಲ್ಲಿಯೂ ಇದೇ ಬಾಳನ್ನು ಬಾಳಿದ ಮರಾಠಿ ಶಾಹಿರರು ವಾಮನದಾದಾ ಕರ್ಡಕ.

ವಾಮನ ತಬಾಜಿ ಕರ್ಡಕರು ಜನಿಸಿದ್ದು 1922ರ ಆಗಸ್ಟ್ 15ರಂದು, ನಾಸಿಕ ಜಿಲ್ಲೆಯ ಸಿನ್ನರ ತಾಲ್ಲೂಕಿನ ದೇಶವಂಡಿಯಲ್ಲಿ. ಕಾಳಾರಾಮ ಮಂದಿರದ ಸತ್ಯಾಗ್ರಹ (1930), ಯೇವಲೆಯಲ್ಲಿ ಡಾ. ಅಂಬೇಡ್ಕರರ ಮತಾಂತರ ಘೋಷಣೆ (1935)—ಎರಡೂ ಅದೇ ಜಿಲ್ಲೆಯ ಘಟನೆಗಳು. ತಮಾಷೆಯ ಹೊರರೂಪವನ್ನಿಟ್ಟುಕೊಂಡು ಸಮಾಜಸುಧಾರಣೆಯನ್ನು ಸಾರುತ್ತಿದ್ದ ಅಂಬೇಡ್ಕರೀ ಜಲಸಾಗಳು ಆ ಸೀಮೆಯಲ್ಲಿ ನೆಲೆಯೂರಿದ್ದವು. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿ ಗಿರಣಿಯಲ್ಲಿ ದುಡಿದ ವಾಮನರು ಅಕ್ಷರ ಕಲಿತದ್ದು ಪ್ರಾಯಕ್ಕೆ ಬಂದ ಬಳಿಕ. ಅಂಗಡಿಗಳ ನಾಮಫಲಕಗಳೇ ಅವರ ಪಾಠಪುಸ್ತಕಗಳು. 1943ರಲ್ಲಿ ಕಟ್ಟಿದ ಮೊದಲ ಹಾಡು ಒಂದು ಹಿಂದೀ ಚಿತ್ರಗೀತೆಯ ಅಣಕವಾಗಿತ್ತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದ ಬೌದ್ಧದೀಕ್ಷೆ ಹಾಡಿನ ಅಗತ್ಯವನ್ನೇ ಬದಲಿಸಿತು. ಹಳೆಯ ದೇವತೆಗಳನ್ನು ಬಿಟ್ಟವರಿಗೆ ಹಳೆಯ ಪದಗಳೂ ಉಳಿಯಲಿಲ್ಲ. ಮದುವೆಗೆ, ಜಯಂತಿಗೆ, ತೊಟ್ಟಿಲಿಗೆ ಹೊಸ ಹಾಡು ಬೇಕಾಯಿತು. ಆ ಬರಿದಾದ ಜಾಗವನ್ನು ತುಂಬಿದವರಲ್ಲಿ ವಾಮನದಾದಾ ಅಗ್ರಗಣ್ಯರು. ಪರಿಚಿತ ಧಾಟಿ, ಆಡುನುಡಿ, ಬಾಯಿಗೆ ಸುಲಭವಾದ ಪ್ರಾಸ: ಇವುಗಳಿಂದ ಹಾಡು ಕೇಳಿದವರ ನೆನಪಿನಲ್ಲಿ ನಿಲ್ಲುತ್ತಿತ್ತು.

ಆದರೆ ನೆನಪು ಸಂಭಾವನೆ ಕೊಡದು. ಇನ್ನೊಬ್ಬರ ಬಾಯಿಗೆ ಹೋದ ಹಾಡು ಕವಿಯ ಕೈತಪ್ಪುತ್ತದೆ. 'ವಾಟಚಾಲ' (1973), 'ಮೋಹಳ' (1976) ಎಂಬ ಸಂಗ್ರಹಗಳು ಬೆಳಕು ಕಂಡಾಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಅವರ ಹಕ್ಕುಪತ್ರವೆಂದರೆ ಹಾಡಿನ ಕೊನೆಯ ನುಡಿಯಲ್ಲಿ ಬರುವ 'ವಾಮನ' ಎಂಬ ಹೆಸರೊಂದೇ. ಅದು ಪ್ರಾಸಕ್ಕೂ ಲಯಕ್ಕೂ ಹೆಣೆದುಕೊಂಡಿರುವುದರಿಂದ ಅದನ್ನು ಕಿತ್ತರೆ ನುಡಿಯೇ ಮುರಿಯುತ್ತದೆ. 1993ರಲ್ಲಿ ವರ್ಧಾದ ಅಂಬೇಡ್ಕರೀ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ ಅವರಿಗೆ ಸಂದಿತು.

ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿನಲ್ಲಿ ಇಂಥ ಹಾಡಿಗೆ ಓದುಬಲ್ಲ ಶ್ರೋತೃವರ್ಗವೂ ಬೆಳೆಯಿತು. 1950ರಲ್ಲಿ ಡಾ. ಅಂಬೇಡ್ಕರರು ಸ್ಥಾಪಿಸಿದ ಮಿಲಿಂದ ಮಹಾವಿದ್ಯಾಲಯ ಅಲ್ಲಿಯದು. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡುವ ಠರಾವು 1978ರಲ್ಲಿ ಆಯಿತು. ಅದು ಕೈಗೂಡಿದ್ದು 1994ರ ಜನವರಿ 14ರಂದು. ಆ ದೀರ್ಘ ಹೋರಾಟದ ಸಭೆಗಳಲ್ಲಿ ಭಾಷಣಗಳೊಡನೆ ಭೀಮಗೀತೆಗಳೂ ಮೊಳಗಿದವು. ಹೆಸರೊಂದು ಉಳಿಯುವುದು ಅಲಂಕಾರದ ಮಾತಲ್ಲ, ಮಾನದ ಮಾತು ಎಂಬುದನ್ನು ಆ ಹದಿನಾರು ವರ್ಷಗಳು ತೋರಿಸಿದವು.

ವಾಮನದಾದಾ 2004ರ ಮೇ 15ರಂದು ನಿಧನರಾದರು. ಬರಹಕ್ಕಿಳಿಯದ ಹಾಡುಗಳ ಗತಿ ಈಗ ಹಾಡುವವರ ಕೈಯಲ್ಲಿದೆ. ಹೊತ್ತು ಸಾಲದೆಂದು ಕೊನೆಯ ನುಡಿಯನ್ನು ಬಿಡುವ ಗಾಯಕನು ಕವಿಯನ್ನೇ ಬಿಟ್ಟಂತೆ. 1948ರವರೆಗೆ ಮರಾಠವಾಡೆಯೊಡನೆ ಒಂದೇ ನಿಜಾಮ ಸಂಸ್ಥಾನದಲ್ಲಿದ್ದ ಬೀದರ-ಕಲಬುರ್ಗಿಗಳ ತತ್ತ್ವಪದಗಳನ್ನು ಸಂಗ್ರಹಿಸುವವರಿಗೂ ಈ ಎಚ್ಚರ ಸಲ್ಲುತ್ತದೆ: ಪಲ್ಲವಿ ಹಾಡನ್ನು ಉಳಿಸೀತು, ಹಾಡಿದವನನ್ನು ಉಳಿಸುವುದು ಅಂಕಿತ.