ಮೂರು ಎಂಜಿನ್ ಇದ್ದ ವಿಮಾನ ಯಾಕೆ ನಿಂತಿತು?

ಗೆಳೆಯರೇ, ಬೀದರದ ವಾಯುಪಡೆ ಕೇಂದ್ರದ ತರಬೇತಿ ವಿಮಾನದ ಸದ್ದು ಕೇಳಿದರೆ ಸಾಕು, ನಾವೆಲ್ಲ ಪಾಠ ಬಿಟ್ಟು ಕಿಟಕಿ ಕಡೆ ನೋಡುತ್ತೇವೆ. ಮೊನ್ನೆ ಹಾಗೆ ನೋಡುವಾಗ ಒಬ್ಬ ಗೆಳೆಯ ಕೇಳಿದ: "ಮ್ಯಾಲ ಹೋದಾಗ ಎಂಜಿನ್ ಬಂದ್ ಬಿದ್ರ ಯಾನ್ ಮಾಡ್ತರ?" ಅವನಿಗೆ ಉತ್ತರವಾಗಿ ಒಂದು ನಿಜವಾದ ಘಟನೆಯನ್ನು ಬರೆದಿದ್ದೇನೆ.

1983ರ ಮೇ 5ರಂದು ಬೆಳಿಗ್ಗೆ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್ ಕಂಪನಿಯ ವಿಮಾನವೊಂದು ಮಯಾಮಿ ನಗರದಿಂದ ಸಮುದ್ರದಾಚೆಯ ಬಹಾಮಾಸ್ ದೇಶದ ನಸ್ಸೌ ನಗರಕ್ಕೆ ಹೊರಟಿತು. ಒಳಗೆ 162 ಪ್ರಯಾಣಿಕರು, 10 ಸಿಬ್ಬಂದಿ. ಅದಕ್ಕೆ ಮೂರು ಎಂಜಿನ್. ಎರಡು ರೆಕ್ಕೆಗೆ ಒಂದೊಂದು, ಬಾಲದಲ್ಲಿ ಒಂದು. ಒಂದು ಕೆಟ್ಟರೂ ಇನ್ನೆರಡು ಇದ್ದೇ ಇರುತ್ತವೆ ಎಂಬ ಧೈರ್ಯ.

ನಸ್ಸೌ ಹತ್ತಿರ ಇಳಿಯುವಾಗ ಬಾಲದ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಕಡಿಮೆ ಎಂದು ದೀಪ ಹತ್ತಿತು. ಎಣ್ಣೆ ಇಲ್ಲದೆ ತಿರುಗಿದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಾಳಾಗುತ್ತದೆ. ಆದ್ದರಿಂದ ಪೈಲಟರು ಅದನ್ನು ಬಂದ್ ಮಾಡಿ ಮಯಾಮಿಗೆ ವಾಪಸ್ ಹೊರಟರು. ದಾರಿಯಲ್ಲಿ ಉಳಿದ ಎರಡರ ಎಣ್ಣೆ ಮೀಟರೂ ಸೊನ್ನೆಗೆ ಬಂದವು! ಮೂರಕ್ಕೂ ಒಂದೇ ಸಲ ಎಣ್ಣೆ ಹೋಗುವುದುಂಟೇ? ಮೀಟರೇ ಕೆಟ್ಟಿರಬೇಕು ಎಂದುಕೊಂಡರು. ಆದರೆ ಮೀಟರ್ ಸುಳ್ಳು ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಎಂಜಿನ್ ನಿಂತಿತು, ಐದು ನಿಮಿಷಕ್ಕೆ ಇನ್ನೊಂದೂ ನಿಂತಿತು. ಕೆಳಗೆ ಬರೀ ಸಮುದ್ರ.

ಎಂಜಿನ್ ನಿಂತ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯದಿದ್ದರೂ ಸೈಕಲ್ ಹೋಗುತ್ತದಲ್ಲ, ಹಾಗೆ ಮುಂದಕ್ಕೆ ಜಾರುತ್ತಾ ಇಳಿಯುತ್ತದೆ. ಎಷ್ಟು ಎತ್ತರ ಇದೆಯೋ ಅಷ್ಟೇ ಸಮಯ. ಸುಮಾರು 13,000 ಅಡಿಯಿಂದ 4,000 ಅಡಿವರೆಗೆ ಅದು ಹಾಗೇ ಇಳಿಯಿತು. ಪ್ರಯಾಣಿಕರು ನೀರಿನಲ್ಲಿ ತೇಲುವ ಜಾಕೀಟು ಹಾಕಿಕೊಂಡರು. ಪೈಲಟರು ಮಾತ್ರ ಎಂಜಿನ್ ಚಾಲೂ ಮಾಡಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಕೊನೆಗೆ ಒಂದು ಚಾಲೂ ಆಯಿತು. ಯಾವುದು ಗೊತ್ತೇ? ಮೊದಲೇ ಬಂದ್ ಮಾಡಿದ್ದ ಬಾಲದ ಎಂಜಿನ್! ಬೇಗ ನಿಲ್ಲಿಸಿದ್ದರಿಂದ ಅದರಲ್ಲಿ ಇನ್ನೂ ಜೀವ ಉಳಿದಿತ್ತು. ಅದೊಂದರ ಮೇಲೆ ವಿಮಾನ ಮಯಾಮಿಯಲ್ಲಿ ಇಳಿಯಿತು. 172 ಜನರೂ ಬದುಕಿದರು.

ತಪ್ಪು ಎಲ್ಲಿ ಆಗಿತ್ತು? ಎಂಜಿನ್ನಿನ ಎಣ್ಣೆಯಲ್ಲಿ ಕಬ್ಬಿಣದ ಚೂರು ಬಂದಿದೆಯೋ ಎಂದು ತಿಳಿಯಲು ಅಯಸ್ಕಾಂತ ಇರುವ ಒಂದು ಬಿರಡೆ ಇರುತ್ತದೆ. ಹಿಂದಿನ ರಾತ್ರಿ ಮೆಕ್ಯಾನಿಕರು ಮೂರೂ ಎಂಜಿನ್ನಿನ ಬಿರಡೆ ಬದಲಿಸಿದ್ದರು. ಎಣ್ಣೆ ಸೋರದಂತೆ ಬಿರಡೆಗೆ ರಬ್ಬರ್ ರಿಂಗು ಬೇಕು. ದಿನಾ ಅವರಿಗೆ ರಿಂಗು ಹಾಕಿದ ಬಿರಡೆಯೇ ಸಿಗುತ್ತಿತ್ತು. ಆ ರಾತ್ರಿ ಉಗ್ರಾಣದಿಂದ ತಂದವಕ್ಕೆ ರಿಂಗು ಇರಲಿಲ್ಲ. "ಇದ್ದೇ ಇರ್ತದ" ಎಂದುಕೊಂಡು ಯಾರೂ ಮುಟ್ಟಿ ನೋಡಲಿಲ್ಲ. ಆಮೇಲೆ ಎಂಜಿನ್ ಹತ್ತು ಸೆಕೆಂಡ್ ಮಾತ್ರ ತಿರುಗಿಸಿ ನೋಡಿದರು. ಅಷ್ಟರಲ್ಲಿ ಸೋರುವುದು ಕಾಣಲಿಲ್ಲ. ತನಿಖೆಯವರು ಮೆಕ್ಯಾನಿಕರನ್ನಷ್ಟೇ ದೂರಲಿಲ್ಲ. ಇಂಥದ್ದು ಹಿಂದೆಯೂ ಆಗಿದ್ದರೂ ಸರಿಯಾಗಿ ಕ್ರಮ ತೆಗೆದುಕೊಳ್ಳದ ಮೇಲಿನವರದೂ ತಪ್ಪು ಎಂದರು.

ಇದರಿಂದ ನನಗೆ ತಿಳಿದದ್ದು ಇಷ್ಟು. ಒಂದೇ ತಪ್ಪು ಮೂರೂ ಕಡೆ ಆದರೆ ಮೂರು ಎಂಜಿನ್ ಇದ್ದರೂ ಒಂದೇ ಇದ್ದ ಹಾಗೆ. ಅದಕ್ಕೇ ಈಗ ಎರಡೇ ಎಂಜಿನ್ನಿನಲ್ಲಿ ದೊಡ್ಡ ಸಮುದ್ರ ದಾಟುವ ವಿಮಾನಗಳಿಗೆ ಒಂದು ನಿಯಮ ಇದೆ. ಒಬ್ಬನೇ ಮೆಕ್ಯಾನಿಕ್ ಒಂದೇ ಸಲಕ್ಕೆ ಎರಡೂ ಎಂಜಿನ್ನಿಗೆ ಅದೇ ಕೆಲಸ ಮಾಡಬಾರದು. ಮಾಡಲೇಬೇಕಾದರೆ ಇನ್ನೊಬ್ಬರು ಪರೀಕ್ಷಿಸಬೇಕು.

ಇನ್ನೊಂದು ಮಾತು ಹೇಳಲೇಬೇಕು. ಹೋದ ವರ್ಷ ಕಡಲೆ ಬಿತ್ತುವಾಗ ನಮ್ಮ ಕಾಕಾನ ಟ್ರ್ಯಾಕ್ಟರಿನ ಎಂಜಿನ್ ಜಾಮ್ ಆಯಿತು. ಹಿಂದಿನ ರಾತ್ರಿ ಅಣ್ಣ ಎಣ್ಣೆ ಬದಲಿಸಿದ್ದ, ನಾನು ಬ್ಯಾಟರಿ ಹಿಡಿದಿದ್ದೆ. ಕೆಳಗಿನ ಬೋಲ್ಟಿನ ವಾಶರ್ ನೆಲದ ಮೇಲೆ ಬಿದ್ದಿತ್ತು. ನಾನು ನೋಡಿದ್ದೆ. ಹಳೇದಿರಬೇಕು ಅಂತ ಸುಮ್ಮನಿದ್ದೆ. ಬೈಗಳೆಲ್ಲ ಅಣ್ಣನಿಗೇ ಬಿದ್ದವು. ಈ ಲೇಖನ ಬರೆದ ಮೇಲೆ ನಿನ್ನೆ ಕಾಕಾನ ಮುಂದೆ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆವಾಗೇ ಹೇಳಿದ್ರ ಒಂದು ವಾಶರ್‌ದಾಗ ಮುಗೀತಿತ್ತಲ್ಲೋ" ಎಂದರು.

ಈಗ ನಮ್ಮ ಮನೆಯಲ್ಲಿ ಒಬ್ಬರು ಬೋಲ್ಟ್ ಬಿಗಿದರೆ ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಕೆಳಗೆ ಬಗ್ಗಿ ನೋಡುತ್ತೇವೆ. ಗೆಳೆಯರೇ, ನೀವೂ ಬ್ಯಾಟರಿ ಹಿಡಿದು ನಿಂತಾಗ ಏನಾದರೂ ಕಂಡರೆ ಆವಾಗಲೇ ಹೇಳಿರಿ.