ಬುರುಡೆಗಳ ಊರಿನ ಪುರಾತತ್ತ್ವಜ್ಞ

ಪೆರು ದೇಶದ ರಾಜಧಾನಿ ಲಿಮಾ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಒಂದು ದಿನ ಅಮೆರಿಕದಲ್ಲಿ ಅಚ್ಚಾದ ವರದಿಯೊಂದನ್ನು ತಿರುವಿಹಾಕುತ್ತಿದ್ದ. ಪುಟದಲ್ಲಿ ರಂಧ್ರ ಕೊರೆದ ಪುರಾತನ ತಲೆಬುರುಡೆಗಳ ಚಿತ್ರಗಳು. ಅವು ತನ್ನೂರಿನವೇ, ತಂದೆಯೇ ಆರಿಸಿ ಲಿಮಾಕ್ಕೆ ಕಳುಹಿಸಿದ್ದಂಥವು!

ಆ ಯುವಕನೇ ಹೂಲಿಯೊ ತೇಯೊ. 1880ರಲ್ಲಿ ಆಂಡೀಸ್ ಪರ್ವತದ ವಾರೊಚಿರಿಯಲ್ಲಿ, ಬಡ ಮೂಲನಿವಾಸಿ ಕುಟುಂಬದಲ್ಲಿ ಹುಟ್ಟಿದವರು. ಕಲ್ಲಿನ ಉಪಕರಣಗಳಿಂದ ತಲೆಬುರುಡೆ ಕೊರೆದು ಚಿಕಿತ್ಸೆ ಮಾಡುತ್ತಿದ್ದವರು ತನ್ನ ಪೂರ್ವಿಕರು. ರಂಧ್ರದ ಅಂಚಿನಲ್ಲಿ ಮೂಳೆ ಮತ್ತೆ ಬೆಳೆದಿರುವುದರಿಂದ ರೋಗಿಗಳು ಬದುಕುಳಿದದ್ದೂ ಖಚಿತ. ತೇಯೊ ವೈದ್ಯಪದವಿ ಪಡೆದರೂ ವೈದ್ಯವೃತ್ತಿಯಲ್ಲಿ ನಿಲ್ಲಲಿಲ್ಲ. ಹಾರ್ವರ್ಡ್‌ಗೆ ಹೋಗಿ 1911ರಲ್ಲಿ ಮಾನವಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಬಂದರು.

ಆಂಡೀಸ್‌ನ ನಾಗರಿಕತೆ ಹೊರಗಿನಿಂದ, ಮಧ್ಯ ಅಮೆರಿಕದಿಂದ ಬಂದದ್ದು ಎಂಬುದು ಜರ್ಮನ್ ವಿದ್ವಾಂಸ ಮ್ಯಾಕ್ಸ್ ಊಲೆಯ ವಾದವಾಗಿತ್ತು. ತೇಯೊ ಇದನ್ನು ಒಪ್ಪಲಿಲ್ಲ. 1919ರಲ್ಲಿ ಅವರು ಸುಮಾರು 3,180 ಮೀಟರ್ ಎತ್ತರದ ಚಾವಿನ್ ದೆ ವಾಂತಾರ್‌ಗೆ ಹೋದರು. ಅಲ್ಲಿರುವುದು ಕಲ್ಲಿನ ದೇಗುಲ. ಒಳಗೆ ಕತ್ತಲೆಯ ಇಕ್ಕಟ್ಟಾದ ಸುರಂಗ. ಅದರ ನಡುವೆ ನಾಲ್ಕೂವರೆ ಮೀಟರ್ ಎತ್ತರದ, ಕೋರೆಹಲ್ಲಿನ ಶಿಲಾದೇವರು. ಕೆತ್ತನೆಗಳಲ್ಲಿ ಜಾಗ್ವಾರ್, ಮೊಸಳೆ. ಇವು ಕಾಡಿನ ಪ್ರಾಣಿಗಳಲ್ಲವೇ? ಹಾಗಾದರೆ ಈ ಸಂಸ್ಕೃತಿಯ ಬೇರು ಪೂರ್ವದ ಅಮೆಜಾನ್ ಕಡೆಗಿದೆ, ಆಂಡೀಸ್‌ನ ಎಲ್ಲ ನಾಗರಿಕತೆಗಳ ತಾಯಿ ಚಾವಿನ್ ಎಂದು ಅವರು ತೀರ್ಮಾನಿಸಿದರು.

ಮಾತೃಸಂಸ್ಕೃತಿಯ ಮಾತು ಪೂರ್ತಿ ನಿಲ್ಲಲಿಲ್ಲ. ಇಂಗಾಲ ಕಾಲಮಾಪನ ಬಂದದ್ದು ಅವರ ನಿಧನಾನಂತರ. ಚಾವಿನ್‌ನ ಕಾಲ ಕ್ರಿ.ಪೂ. 1200ರ ಸುಮಾರಿಗೆ ಆರಂಭವಾದರೆ, ಕರಾವಳಿಯತ್ತಣ ಕರಾಲ್ ಸುಮಾರು 5,000 ವರ್ಷ ಹಳೆಯದು. ಆದರೆ ಇದು ಎರವಲಲ್ಲ, ಸ್ವಂತದ್ದು ಎಂಬ ಅವರ ಮೂಲವಾದ ಉಳಿಯಿತು. ಊಲೆಯ ವಾದಕ್ಕೆ ಆ ಭಾಗ್ಯವಿಲ್ಲ.

1927–28ರಲ್ಲಿ ಪಾರಾಕಾಸ್‌ನ ಮರಳಿನಲ್ಲಿ ಅವರ ತಂಡ 429 ಶವಗಂಟುಗಳನ್ನು ಹೊರತೆಗೆಯಿತು. ಆ ಗಂಟುಗಳಲ್ಲಿದ್ದ ಕಸೂತಿ ಬಟ್ಟೆಗಳನ್ನೇ ಕುರಿತು ಬೇರೆ ಲೇಖನ ಬರೆಯಬಹುದು.

1945ರ ಜನವರಿಯಲ್ಲಿ ಬೆಟ್ಟದ ಮೇಲಿಂದ ನುಗ್ಗಿದ ಕೆಸರುಪ್ರವಾಹ ಚಾವಿನ್ ದೇಗುಲವನ್ನು ಹೂತುಹಾಕಿತು. ಅಲ್ಲಿ ಕೂಡಿಟ್ಟಿದ್ದ ಶಿಲ್ಪಗಳಲ್ಲಿ ಅನೇಕವು ಕೊಚ್ಚಿಹೋದವು. ಎರಡೇ ವರ್ಷಗಳಲ್ಲಿ ತೇಯೊ ತೀರಿಕೊಂಡರು. ಅವರನ್ನು ಲಿಮಾದ ವಸ್ತುಸಂಗ್ರಹಾಲಯದ ಆವರಣದಲ್ಲೇ ಸಮಾಧಿ ಮಾಡಲಾಯಿತು. 1919ರಲ್ಲೇ ಅವರು ಲಿಮಾಕ್ಕೆ ಸಾಗಿಸಿದ್ದ ಕೆತ್ತನೆಯ ಶಿಲಾಸ್ತಂಭವೊಂದು ಪ್ರವಾಹದಿಂದ ಪಾರಾಯಿತು. ಅವರ ಹೆಸರನ್ನೇ ಹೊತ್ತ ಆ ಸ್ತಂಭವನ್ನು ಚಾವಿನ್‌ನಲ್ಲಿ 2008ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಇರಿಸಲಾಗಿದೆ.