ತಮ್ಮ, ಭಾಯಿಜಾನ್ ಮತ್ತು ಓರೆ ಅಕ್ಷರ

ಕಾಲೇಜಿನಲ್ಲಿ ಯಾವ ಕಾರ್ಯಕ್ರಮವಿದ್ದರೂ ಪೋಸ್ಟರ್ ಮಾಡುವವರು ಮೊದಲು ಹುಡುಕುವುದು ಒಂದು ತುಂಟ ಅಕ್ಷರವನ್ನು. ದಪ್ಪಗೆ, ಗುಂಡಗೆ ಇರಬೇಕು, ಸ್ವಲ್ಪ ಓರೆಯಾಗಿ ಓಡುತ್ತಿರುವಂತೆ ಕಾಣಬೇಕು. ಇಂಥವುಗಳಿಗೆ ಡಿಸ್‌ಪ್ಲೇ ಫಾಂಟ್ ಎನ್ನುತ್ತಾರೆ. ಶೀರ್ಷಿಕೆ, ಬ್ಯಾನರ್, ಅಂಗಡಿ ಬೋರ್ಡುಗಳಿಗೆ ಹೇಳಿ ಮಾಡಿಸಿದವು. ಅದರಲ್ಲೇ ಎರಡು ಪುಟ ನೋಟ್ಸ್ ಟೈಪ್ ಮಾಡಿದರೆ ಓದುವವರ ಕಣ್ಣು ಸೋಲುತ್ತದೆ.

ಇಂಗ್ಲಿಷಿನಲ್ಲಿ ಈ ಜಾತಿಯ ಹಿರಿಯಣ್ಣ ಕೂಪರ್ ಬ್ಲ್ಯಾಕ್. ಷಿಕಾಗೊದ ಆಸ್ವಾಲ್ಡ್ ಕೂಪರ್ 1920ರ ದಶಕದಲ್ಲಿ ರಚಿಸಿದ್ದು. ಅದಕ್ಕೆ ಪ್ರತ್ಯೇಕವಾಗಿ ಬರೆದ ಇಟಾಲಿಕ್ ಕೂಡ ಇದೆ. ಪ್ರತ್ಯೇಕ ಎಂಬುದನ್ನು ಗಮನಿಸಿ. 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ ಇಟಾಲಿಕ್‌ನಲ್ಲಿ ಪುಸ್ತಕ ಅಚ್ಚು ಹಾಕಿದಾಗ ಅದಕ್ಕೆ ಮಾದರಿಯಾಗಿದ್ದುದು ಕೈಬರಹ. ನೆಟ್ಟಗಿದ್ದ ಅಕ್ಷರವನ್ನು ಪಕ್ಕಕ್ಕೆ ತಳ್ಳಿ ಮಾಡಿದ್ದಲ್ಲ.

ನಮ್ಮ ತೊಂದರೆ ಶುರುವಾಗುವುದು ಇಲ್ಲೇ. ಹೆಚ್ಚಿನ ಕನ್ನಡ ಫಾಂಟುಗಳಿಗೆ ಇಟಾಲಿಕ್ ಇಲ್ಲ. ‘ಐ’ ಬಟನ್ ಒತ್ತಿದರೆ ಕಂಪ್ಯೂಟರ್ ಇದ್ದ ಅಕ್ಷರವನ್ನೇ ವಾಲಿಸುತ್ತದೆ, ಅಷ್ಟೆ. ತಲೆ ಬಲಕ್ಕೆ ವಾಲಿದರೆ ಕೆಳಗಿನ ಒತ್ತಕ್ಷರ ಎಡಕ್ಕೆ ಜಾರಿ ಪಕ್ಕದ ಅಕ್ಷರದ ಕಾಲಡಿ ಸೇರುತ್ತದೆ. ಕೈಯಲ್ಲಿ ಬೋರ್ಡ್ ಬರೆಯುವ ಒಳ್ಳೆಯ ಪೇಂಟರ್ ಹೀಗಾಗಲು ಬಿಡುವುದಿಲ್ಲ. ಓರೆಯಾಗಿ ಬರೆದರೂ ಒತ್ತನ್ನು ಅದರ ಜಾಗದಲ್ಲೇ ಕೂರಿಸುತ್ತಾನೆ.

‘ಬಿ’ ಬಟನ್ ಇನ್ನೂ ಅಪಾಯದ್ದು. ದ ಮತ್ತು ಧ, ಬ ಮತ್ತು ಭ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು. ಅಕ್ಷರವನ್ನು ಸುಮ್ಮನೆ ಊದಿಸಿದರೆ ಆ ಸೀಳು ಮುಚ್ಚಿಹೋಗಿ, ಬಡ ವಿದ್ಯಾರ್ಥಿಗಳಿಗೆ ‘ಧನಸಹಾಯ’ ಕೇಳುವ ಪೋಸ್ಟರ್ ‘ದನಸಹಾಯ’ ಕೇಳುತ್ತದೆ!

ಹಾಗಾದರೆ ಕನ್ನಡಕ್ಕೆ ತುಂಟ ಅಕ್ಷರವೇ ಇಲ್ಲವೇ? ಇದೆ. ಮುಂಬೈನ ಏಕ್ ಟೈಪ್ ತಂಡ ಮಾಡಿದ ‘ಬಲೂ ತಮ್ಮ’ ನೋಡಿ. ಜಂಗಲ್ ಬುಕ್‌ನ ಕರಡಿಯ ಹೆಸರು, ಕರಡಿಯಂಥದೇ ಗುಂಡು ಮೈ. ದಪ್ಪಗಿರಲೆಂದೇ ಬರೆದದ್ದರಿಂದ ಸೀಳಿಗೂ ಒತ್ತಿಗೂ ಜಾಗ ಬಿಟ್ಟಿದ್ದಾರೆ. ಈ ಕುಟುಂಬದಲ್ಲಿ ತಮಿಳಿಗೆ ‘ತಂಬಿ’, ಮಲಯಾಳಕ್ಕೆ ‘ಚೇಟ್ಟನ್’, ಉರ್ದುವಿಗೆ ‘ಭಾಯಿಜಾನ್’ ಇದ್ದಾರೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕಮ್ಮನಹಳ್ಳಿಯ ಒಂದು ಬೀದಿಯನ್ನೇ ಇಳಿಸಿಕೊಂಡಂತಾಯಿತು. ನಮ್ಮಂತೆ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಆಹ್ವಾನಪತ್ರದಲ್ಲಿ ಹಾಕುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಇದರಲ್ಲೂ ಇಟಾಲಿಕ್ ಇಲ್ಲ. ಓಟ ಬೇಕೆಂದರೆ ಅಕ್ಷರವನ್ನು ನೆಟ್ಟಗೇ ಬಿಟ್ಟು, ಇಡೀ ಸಾಲನ್ನು ತುಸು ಮೇಲ್ಮುಖವಾಗಿ ತಿರುಗಿಸಿ. ಉರ್ದುವಿಗಂತೂ ‘ಐ’ ಬಟನ್ ಬೇಡವೇ ಬೇಡ. ಬಲದಿಂದ ಎಡಕ್ಕೆ ಓಡುವ ಲಿಪಿಯನ್ನು ಬಲಕ್ಕೆ ವಾಲಿಸಿದರೆ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ನಸ್ತಾಲೀಕ್‌ನಲ್ಲಿ ಪದಗಳು ತಾವಾಗಿಯೇ ಓರೆಯಾಗಿ ಇಳಿಯುತ್ತವೆ.

2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು. ಜಾಗ ತುಂಬಿಸಲು ಕನ್ನಡವನ್ನು ಎಳೆದು, ಚಪ್ಪಟೆ ಮಾಡಿ, ವಾಲಿಸಿದ ಬೋರ್ಡುಗಳು ಮುಖ್ಯರಸ್ತೆಯಲ್ಲೂ ಸಿಗುತ್ತವೆ. ಅಳತೆಗೆ ಸರಿ, ಓದಲು ಕಷ್ಟ.

ಮುಂದಿನ ಪೋಸ್ಟರನ್ನು ಪ್ರಿಂಟ್‌ಗೆ ಕೊಡುವ ಮೊದಲು ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಧ, ಭ, ಷಗಳ ಸೀಳು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಫಾಂಟ್ ಬದಲಿಸಿ.